ಅಚಿರಿಯ ಅಪ್ಪಟ ಫ್ರೆಂಚು

ಬೆಳಿಗ್ಗೆ ಬೋಂಡ ತಿನ್ನುವಾಗ ಅಚಿರಿ ಬಾಯಿ ಮುಚ್ಚಿಕೊಂಡಿದ್ದರೆ ಆ ದಿನ ಹೇಗೋ ಸರಿಹೋಗುತ್ತಿತ್ತು. ಆದರೆ ಮನೆಯೊಡತಿ ಮಾ ಬಿಲೋವ ಬಾಣಲೆಯಿಂದ ತಲೆಯೆತ್ತಿ, "ಏ ಬಮೆಂಡಾ, ಇವತ್ತು ಆ ದೊಡ್ಡೋರ ಮುಂದೆ ಏನಂತೀಯ, ಹೇಳು ನೋಡೋಣ" ಎಂದುಬಿಟ್ಟಳು. ಅಚಿರಿ ಎದ್ದು ಕೈಕಟ್ಟಿ, ತನ್ನ ಊರು, ಹೆಸರು, ಡಾಕ್ಟರಾಗುವ ಆಸೆಯನ್ನೆಲ್ಲ ಫ್ರೆಂಚಿನಲ್ಲಿ ಒದರಿದ. ಅವಳ ಅಂಗಡಿಯ ಬೋಂಡ-ಬೀನ್ಸಿಗೆ ತಟ್ಟೆ ಹಿಡಿದು ನಿಂತ ಗಿರಾಕಿಗಳೆಲ್ಲ ಬಿದ್ದುಬಿದ್ದು ನಕ್ಕರು.

"ಮಾತು ಸರಿಯಾಗೇ ಇದೆ ಕಣಯ್ಯಾ, ರಾಗ ಮಾತ್ರ ಬಮೆಂಡಾದ್ದು" ಎಂದ ದರ್ಜಿ ಓವೊನ.

ಅಚಿರಿ ಉಳಿದ ಬೋಂಡವನ್ನು ಅತ್ತ ಸರಿಸಿದ. ಅವನ ಊರು ಬಮೆಂಡಾ ದೇಶದ ಇಂಗ್ಲಿಷ್ ಸೀಮೆಯದು, ಹುಟ್ಟಿದಂದಿನಿಂದ ಕಲಿತದ್ದೆಲ್ಲ ಇಂಗ್ಲಿಷು. ರಾಜಧಾನಿ ಯಾವುಂಡೆಯ ಆ ವೈದ್ಯಕೀಯ ಕಾಲೇಜಿನ ಪಾಠವೆಲ್ಲ ಫ್ರೆಂಚು. ವಯಸ್ಸಿನ ಮಿತಿ ಇದೇ ವರ್ಷಕ್ಕೆ ಮುಗಿಯುತ್ತಿತ್ತು. ಇವತ್ತಿನ ಸಂದರ್ಶನ ಕೈಕೊಟ್ಟರೆ ಮತ್ತೆ ಅರ್ಜಿ ಹಾಕುವ ಹಾಗೇ ಇಲ್ಲ. ಅತ್ತ ಬಮೆಂಡಾದಲ್ಲಿ ಅವನ ತಾಯಿ ಆಗಲೇ ಮಗ ಡಾಕ್ಟರೆಂದು ಸಾರಿ, ಚರ್ಚಿನ ಹೆಂಗಸರ ಮಂಡಿನೋವನ್ನೆಲ್ಲ ಫೋನಿನಲ್ಲಿ ಅವನಿಗೆ ಒಪ್ಪಿಸುತ್ತಿದ್ದಳು.

ಅದಕ್ಕೇ ಅವನು ಮಾ ಬಿಲೋವಳ ಜೊತೆ ಒಪ್ಪಂದ ಮಾಡಿಕೊಂಡಿದ್ದ. ಅವಳು ಅವನಿಗೆ ಫ್ರೆಂಚ್ ಕಲಿಸಬೇಕು, ಅವನು ಅವಳ ಮಗಳು ಸೊಲಾಂಜ್‌ಗೆ ಇಂಗ್ಲಿಷ್ ಕಲಿಸಬೇಕು. ಹೋದ ವರ್ಷ ಅದೇ ಕಾಲೇಜಿನ ಸಂದರ್ಶನದಲ್ಲಿ ಡುಮ್ಕಿ ಹೊಡೆದಿದ್ದ ಹುಡುಗಿ, ಈಗ ವಿಮಾನ ಕಂಪನಿ ಸೇರುತ್ತೇನೆ, ಇಂಗ್ಲಿಷ್ ಬೇಕು ಎನ್ನುತ್ತಿದ್ದಳು. ಇವತ್ತು ಆ ಕಂಪನಿಯಲ್ಲೇ ಏನೋ ಕೆಲಸವಿದೆಯೆಂದು ಬೆಳಕು ಹರಿಯುವ ಮುಂಚೆಯೇ ಹೊರಟಿದ್ದಳು.

"ಕೇಳು, ಇಂಗ್ಲಿಷಿನವನು ಅಂತ ಬಾಯಿ ಬಿಟ್ಟೆಯೋ, ಕೆಟ್ಟೆ" ಎಂದಳು ಮಾ ಬಿಲೋವ. "ಮೂಲೆಗೆ ತಳ್ತಾರೆ. ನಮ್ಮ ಯಾವುಂಡೆ ಹುಡುಗನ ಹಾಗೆ ಎದೆಯುಬ್ಬಿಸಿ ನಿಂತ್ಕೋ."

ಓವೊನ ಯಾರದೋ ಮದುವೆಗೆ ಹೊಲಿದ ಕೋಟು ತಂದು ತೊಡಿಸಿದ. "ಹೊಲಿಗೆ ಇನ್ನೂ ಕಚ್ಚಾ. ಕೈ ಮೇಲೆತ್ತಬೇಡ, ತೋಳು ಕಳಚಿ ಬರ್ತದೆ" ಎಂದ.

ಕೈ ಎತ್ತದೆ ಟ್ಯಾಕ್ಸಿ ನಿಲ್ಲಿಸುವುದು ಹೇಗೆ? ಅಚಿರಿ ರಸ್ತೆಯತ್ತ ಬಾಗಿ, ತಾನು ಹೋಗಬೇಕಾದ ಜಾಗವನ್ನು ಕೂಗಿದ. ಐದಾರು ಗಾಡಿ ನೋಡಿಯೂ ನೋಡದ ಹಾಗೆ ಹೋದವು. ಕೊನೆಗೊಂದು ಹಾರ್ನ್ ಹೊಡೆದು ಒಪ್ಪಿಗೆ ಕೊಟ್ಟಿತು. ಹಲವರು ಹಂಚಿಕೊಂಡು ಹೋಗುವ ಆ ಟ್ಯಾಕ್ಸಿಯೊಳಗೆ ಆಗಲೇ ಐವರಿದ್ದರು. ಸಂದರ್ಶನವೆಂದು ತಿಳಿದದ್ದೇ ತಡ, ಐವರೂ ಪರೀಕ್ಷಕರಾದರು.

"ಡಾಕ್ಟ್ರೇ, ನನ್ನ ಸೊಂಟ ಹಿಡ್ಕೊಂಡಿದೆ, ಫ್ರೆಂಚಲ್ಲಿ ಔಷಧ ಹೇಳಿ!" ಎಂದಳು ಮೀನಿನ ಬುಟ್ಟಿಯ ಹೆಂಗಸು.

"ಮೊದಲು ಆ ಬುಟ್ಟಿ ಹೊರೋದು ಬಿಡಿ, ಅಮ್ಮಾ" ಎಂದ ಅಚಿರಿ. ಎಲ್ಲರೂ ಭೇಷ್ ಎಂದರು. ಬೆನ್ನು ತಟ್ಟುವ ಭರದಲ್ಲಿ ಕೋಟಿನ ಎಡತೋಳು ಹೆಗಲಿನಿಂದ ಕಳಚಿತು.

ತೋಳನ್ನು ಕೈಯಲ್ಲಿ ಹಿಡಿದು ಕಾಲೇಜಿನ ಗೇಟು ಮುಟ್ಟಿದಾಗ ಎರಡು ಸಾಲುಗಳಿದ್ದವು. ಬಲಗಡೆಯದು ರಸ್ತೆಯವರೆಗೆ ಬೆಳೆದಿತ್ತು. ಎಡಗಡೆ ಬೆರಳೆಣಿಕೆಯಷ್ಟು ಮಂದಿ. ಕೊನೆಯಲ್ಲಿದ್ದ ಹುಡುಗಿ ಬಿಸಿಲಿಗೋ ಏನೋ ಫೈಲನ್ನು ಮುಖಕ್ಕೆ ಅಡ್ಡ ಹಿಡಿದಿದ್ದಳು.

"ಯಾವ ಭಾಷೆ? ಇಂಗ್ಲಿಷಿನವರಿಗೆ ಬೇರೆ..." ಎಂದು ಗುಮಾಸ್ತ ಬಾಯಿ ತೆರೆದ.

ಅಚಿರಿಗೆ ರೋಷ ಉಕ್ಕಿತು. ಬೇರೆ! ಎಲ್ಲಿ ಹೋದರೂ ಬೇರೆ! "ನನಗೆ ಬೇರೆ ಏನೂ ಬೇಡ ಸ್ವಾಮಿ! ಎಲ್ಲರಿಗೂ ಏನೋ ನನಗೂ ಅದೇ!" ಎಂದು ಫ್ರೆಂಚಿನಲ್ಲೇ ಗುಡುಗಿ ಉದ್ದದ ಸಾಲಿನ ಬಾಲ ಹಿಡಿದ. ಎಡಗಡೆಯವರನ್ನು ನೋಡಿ ಪಾಪ ಅನ್ನಿಸಿತು.

ಸಂದರ್ಶನದ ಕೋಣೆಯಲ್ಲಿ ನಾಲಿಗೆ ಅವನ ಮಾನ ಉಳಿಸಿತು. ಹೃದಯ, ಯಕೃತ್ತು, ಮೂತ್ರಕೋಶ ಎಲ್ಲ ಫ್ರೆಂಚಿನಲ್ಲಿ ಹರಿದು ಬಂದವು. "ನೀವು ಯಾವುಂಡೆಯಲ್ಲೇ ಹುಟ್ಟಿದ್ದಾ?" ಎಂದು ಮುಖ್ಯಸ್ಥರು ಕೇಳಿದಾಗ ಅಚಿರಿಗೆ ಕಣ್ಣೀರೇ ಬಂತು.

ಸಂಜೆ ಫಲಿತಾಂಶವನ್ನು ರೇಡಿಯೋದಲ್ಲಿ ಓದುತ್ತಾರೆ. ಗೆದ್ದವರ ಮನೆಯಲ್ಲಿ ಕುಣಿತ, ಸೋತವರ ಮನೆಯಲ್ಲಿ ರೇಡಿಯೋ ಕೆಟ್ಟುಹೋಗುತ್ತದೆ. ಕೇರಿಯೆಲ್ಲ ಮಾ ಬಿಲೋವಳ ಬಾಣಲೆಯ ಸುತ್ತ ಸೇರಿತು. ಫ್ರೆಂಚ್ ಹೆಸರುಗಳು ಮುಗಿಯದ ಜಪದಂತೆ ಬಂದವು. ಅಚಿರಿ ಒಂಟಿ ತೋಳಿನ ಕೋಟಿನಲ್ಲೇ ಉಸಿರು ಹಿಡಿದು ಕೂತಿದ್ದ. ಜಪ ಮುಗಿಯಿತು. ಅವನ ಹೆಸರು ಬರಲೇ ಇಲ್ಲ.

ಓವೊನ ರೇಡಿಯೋ ಆರಿಸಲು ಕೈ ಚಾಚಿದ. ಅಷ್ಟರಲ್ಲಿ, "ಇನ್ನು ಇಂಗ್ಲಿಷಿನಲ್ಲಿ ಉತ್ತರಿಸುವವರಿಗೆಂದೇ ಮೀಸಲಾದ ಹತ್ತು ಸೀಟುಗಳು" ಎಂದಿತು ರೇಡಿಯೋ. ಒಂಬತ್ತನೆಯ ಹೆಸರು, "ಸೊಲಾಂಜ್ ಬಿಲೋವ."

ಮಾ ಬಿಲೋವಳ ಸೌಟು ಎಣ್ಣೆಗೆ ಬಿತ್ತು. ಕೇರಿ ಕಿರುಚಿತು. ಗುಂಪಿನ ಹಿಂದೆ ನಿಂತಿದ್ದ ಸೊಲಾಂಜ್ ಮುಂದೆ ಬಂದು ಅಚಿರಿಯ ಕೈ ಹಿಡಿದಳು. "ನೀವು ಕಲಿಸಿದ ಇಂಗ್ಲಿಷೇ ಅಣ್ಣಾ! ಬೈತೀರೇನೋ ಅಂತ ಫೈಲು ಅಡ್ಡ ಹಿಡ್ಕೊಂಡಿದ್ದೆ. ನೀವು ಆ ಉದ್ದದ ಸಾಲಲ್ಲಿ ನಿಂತದ್ದು ನೋಡಿ, ಅಬ್ಬಾ, ಎಂಥ ಧೈರ್ಯ ಅಂದ್ಕೊಂಡೆ."

ರೇಡಿಯೋ ಇನ್ನೂ ಮುಗಿಸಿರಲಿಲ್ಲ. "ಹತ್ತನೆಯ ಸೀಟಿಗೆ ಅಭ್ಯರ್ಥಿಗಳು ಯಾರೂ ಬಾರದ ಕಾರಣ ಅದು ಖಾಲಿ ಉಳಿದಿದೆ."

ಅಚಿರಿ ನಿಧಾನವಾಗಿ ಎದ್ದ. ಕಳಚಿದ ತೋಳನ್ನು ನೆಲಕ್ಕೆ ಬಡಿದು ಬೈಯತೊಡಗಿದ. ಗುಮಾಸ್ತನನ್ನು, ಓವೊನನನ್ನು, ಮಾ ಬಿಲೋವಳನ್ನು, ಕೊನೆಗೆ ತನ್ನನ್ನೂ ಬೈದ. ಎಲ್ಲವೂ ಅಪ್ಪಟ ಫ್ರೆಂಚಿನಲ್ಲಿ.

"ಭಲೇ!" ಎಂದು ಚಪ್ಪಾಳೆ ತಟ್ಟಿದ ಓವೊನ. "ಈಗ ನೋಡಿ, ರಾಗಾನೂ ಬಂತು!"