ತಲೆಗೆ ಮುನ್ನೂರ ಹನ್ನೆರಡು ಪೆಟ್ಟು

ಅಡುಗೆಮನೆಯ ಕಪಾಟಿನ ಬಾಗಿಲಿಗೆ ನನ್ನ ತಲೆ ಧಡ್ಡೆಂದು ಬಡಿದಾಗ, ತಲೆಯ ಮೇಲೆ ಮಗಳ ಗುಲಾಬಿ ಬಣ್ಣದ ತಲೆಪಟ್ಟಿ ಇತ್ತು. ಸಿಂಕಿನ ಕೆಳಗೆ ಪೈಪು ಬಿಚ್ಚುತ್ತಿದ್ದ ಪ್ಲಂಬರ್ ಕತ್ತು ಹೊರಗೆ ಹಾಕಿ, "ನಿಮಗೆ ಒಪ್ಪುತ್ತೆ ಸರ್," ಎಂದ. ಬೇಕೆಂದೇ ಬಡಿದುಕೊಂಡೆ ಎಂದು ನಾನು ಅವನಿಗೆ ಹೇಳಲಿಲ್ಲ. (ಹೇಳಿದ್ದರೆ ಪೈಪು ಹಾಗೇ ಬಿಟ್ಟು ಓಡುತ್ತಿದ್ದ.) ಮೆಲ್ಲಗೆ ತಾಗಿಸಬೇಕೆಂದಿದ್ದೆ, ಅಷ್ಟೆ. ಬಾಗಿಲಿನ ಅಭಿಪ್ರಾಯ ಬೇರೆಯಿತ್ತು.

ಮಗಳು ಶಾಲೆಯ ಫುಟ್‌ಬಾಲ್ ತಂಡದಲ್ಲಿದ್ದಾಳೆ. ಆಟದಲ್ಲಿ ತಲೆಗೆ ಎಷ್ಟು ಸಲ, ಎಷ್ಟು ಜೋರಾಗಿ ಪೆಟ್ಟು ಬೀಳುತ್ತದೆಂದು ಅಳೆಯಲು ಕೋಚ್ ಮೇಡಂ ಎಲ್ಲರಿಗೂ ಒಂದೊಂದು ತಲೆಪಟ್ಟಿ ಕೊಟ್ಟಿದ್ದರು. ಅದರೊಳಗೆ ಅಂಗಿಯ ಗುಂಡಿಯಷ್ಟು ದೊಡ್ಡ ಸೆನ್ಸರ್. ಹೋದ ವಾರದ ವರದಿ ನನ್ನ ಹೆಂಡತಿಯ ಫೋನಿಗೆ ಬಂತು: ಒಟ್ಟು ಪೆಟ್ಟು ಮುನ್ನೂರ ಹನ್ನೆರಡು. ಅವಳು ರಕ್ತ ಪರೀಕ್ಷೆಯ ಲ್ಯಾಬಿನವಳು. ಮನುಷ್ಯರ ಮಾತಿಗಿಂತ ಯಂತ್ರದ ಅಂಕಿಯನ್ನು ನಂಬುವವಳು. (ನನಗೆ ಹುಷಾರಿಲ್ಲ ಎಂದರೆ "ಎಷ್ಟು?" ಎನ್ನುತ್ತಾಳೆ.)

"ಶನಿವಾರ ಫೈನಲ್ಲೂ ಬೇಡ, ಏನೂ ಬೇಡ. ಮನೇಲಿರು," ಎಂದಳು.

"ಅಮ್ಮ, ಹೋದ ವಾರ ನಾನು ಚೆಂಡಿಗೆ ತಲೆ ಕೊಟ್ಟು ಹೆಡ್ ಮಾಡಿದ್ದೇ ನಾಲ್ಕು ಸಲ."

"ಮುನ್ನೂರು ಪೆಟ್ಟು ತಿಂದೋರಿಗೆ ನಾಲ್ಕು ನೆನಪಿರೋದೇ ದೊಡ್ಡದು."

ಎರಡು ವರ್ಷ ಬೆಂಚು ಬಿಸಿ ಮಾಡಿದ ಮೇಲೆ ಮೊದಲ ಬಾರಿಗೆ ಹನ್ನೊಂದರಲ್ಲಿ ಒಬ್ಬಳಾಗಿದ್ದವಳು ಮಗಳು. ಊಟ ಬಿಟ್ಟು ಎದ್ದಳು. ಕೋಣೆಯ ಬಾಗಿಲು ಹಾಕುವ ಮುಂಚೆ, "ನೀನಾದ್ರೂ ಏನಾದ್ರೂ ಹೇಳಪ್ಪ," ಎಂದಳು.

ನಾನು ಅಚ್ಚುಮನೆಯಲ್ಲಿ ಕರಡು ತಿದ್ದುವವನು. ಇನ್ನೊಬ್ಬರ ತಪ್ಪು ಹುಡುಕುವುದು ನನ್ನ ವೃತ್ತಿಯೂ ಹೌದು, ಪ್ರವೃತ್ತಿಯೂ ಹೌದು. ಈ ಯಂತ್ರ ಬರೆದ ಕರಡನ್ನೂ ತಿದ್ದಿಯೇ ಬಿಡುತ್ತೇನೆಂದು ಮಹಾ ಶಿರೋಘಾತ ಸಂಶೋಧನೆಗೆ ಇಳಿದೆ. ಗುರುವಾರ ಪೂರ್ತಿ ಪಟ್ಟಿ ನನ್ನ ತಲೆಗೆ, ನೋಟ್‌ಬುಕ್ ಕೈಗೆ.

"ಏನ್ರೀ ಇದು ವೇಷ?" ಎಂದಳು ಹೆಂಡತಿ.

"ವಿಜ್ಞಾನ."

"ವಿಜ್ಞಾನಕ್ಕೆ ಗುಲಾಬಿ ಬಣ್ಣ ಯಾಕೆ?"

ಸಂಜೆ ಹೆಂಡತಿಯ ಫೋನಿನಲ್ಲಿ ಅಂಕಿ ನೋಡುವಾಗ ಯಂತ್ರದ ಬಂಡವಾಳ ಬಯಲಾಯಿತು. ಹಣೆಯಲ್ಲಿ ನಿಂಬೆಗಾತ್ರದ ಬುಗುಟು ಎಬ್ಬಿಸಿದ ಕಪಾಟಿಗೆ ಸೊನ್ನೆ. ಬಸ್ಸಿನ ಹಿಂದೆ ಓಡಿದ್ದಕ್ಕೆ ಒಂಬತ್ತು ಪೆಟ್ಟು. ಒಂದು ಸೀನಿಗೆ ಎರಡು. ಹೆಂಡತಿ ಮಾತಾಡುವಾಗ ಹೂಂ ಹೂಂ ಎಂದು ತಲೆಯಾಡಿಸಿದ್ದಕ್ಕೆ ಹದಿನೇಳು. (ಈ ಹದಿನೇಳರ ಮಟ್ಟಿಗೆ ಯಂತ್ರ ಸತ್ಯವನ್ನೇ ನುಡಿದಿದೆಯೆಂಬುದು ನನ್ನ ವಿನಮ್ರ ಅನಿಸಿಕೆ.)

ಶುಕ್ರವಾರ ಸಂಜೆ ಹೆಂಡತಿ, ಮಗಳು ಇಬ್ಬರನ್ನೂ ಹೊರಡಿಸಿಕೊಂಡು ಕೋಚ್ ಮೇಡಂ ಕೋಣೆಗೆ ಹೋದೆ. ಬೆವರಿದ ಜರ್ಸಿಗಳ ರಾಶಿ, ಗಾಳಿ ಹೋದ ಚೆಂಡುಗಳ ನಡುವೆ ನಿಂತು ನೋಟ್‌ಬುಕ್ಕನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಮೇಡಂ ತಾಳ್ಮೆಯಿಂದ ಕೇಳಿದರು.

"ನಿಜ ಸರ್. ಪಟ್ಟಿ ಸಡಿಲ ಆದ್ರೆ ತಲೆಗಿಂತ ಅದೇ ಜಾಸ್ತಿ ಕುಣಿಯುತ್ತೆ. ಅದಕ್ಕೇ ನಾವು ಬರೀ ಅಂಕಿ ನಂಬಲ್ಲ, ವಿಡಿಯೋ ಜತೆ ಹೋಲಿಸಿ ನೋಡ್ತೀವಿ. ನಿಮ್ಮ ಮಗಳು ಹೋದ ವಾರ ಹೆಡ್ ಮಾಡಿರೋದು ನಾಲ್ಕೇ ಸಲ."

ಹೆಂಡತಿ ಎರಡು ಸಲ ವಿಡಿಯೋ ನೋಡಿದಳು. ಬೆರಳು ಮಡಚಿ ಎಣಿಸಿದಳು. "ಸರಿ, ಆಡ್ಲಿ," ಎಂದಳು.

ಮಗಳು ಬಂದು ನನ್ನ ತೋಳಿಗೆ ಜೋತುಬಿದ್ದಳು. ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಹೆಂಡತಿಯೆದುರು ನಾನು ಗೆದ್ದ ಮೊದಲ ವಾದ ಇದು. ಅಲ್ಲಿಗೇ ಬಾಯಿಮುಚ್ಚಿಕೊಂಡು ಮನೆಗೆ ಬರಬೇಕಿತ್ತು. ಆದರೆ ಗೆಲುವೂ ತಲೆಗೇರುವ ವಸ್ತುವೇ ನೋಡಿ.

"ಅಲ್ಲ ಮೇಡಂ," ಎಂದೆ, ಗಂಟಲು ಸರಿಮಾಡಿಕೊಂಡು, "ನಾಲ್ಕು ಕಳೆದ್ರೆ ಇನ್ನೂ ಮುನ್ನೂರ ಎಂಟು ಉಳೀತು. ಇದು ಯಾರ ಬೇಜವಾಬ್ದಾರಿ ಅಂತ ಗೊತ್ತಾಗ್ಬೇಕಲ್ವಾ?"

ಮೇಡಂ ಪರದೆಯ ಮೇಲೆ ಬೆರಳಾಡಿಸಿದರು. ಹುಬ್ಬು ಮೇಲೇರಿತು.

"ಆಟದಲ್ಲಿ ಪಟ್ಟಿ ಬಿಗಿಯಾಗೇ ಇತ್ತು. ಮುನ್ನೂರ ಎಂಟೂ ಭಾನುವಾರದ್ದೇ ಸರ್. ಬೆಳಿಗ್ಗೆ ಎಂಟರಿಂದ ಎಂಟೂ ಮುಕ್ಕಾಲರ ತನಕ. ಕೊನೇ ಹತ್ತು ನಿಮಿಷ ನಿಲ್ಲಿಸದೆ ಗಿರಗಿರ ತಿರುಗಿದೆ." ಮಗಳ ಕಡೆ ನೋಡಿದರು. "ಆ ಹೊತ್ತಲ್ಲಿ ನೀನು ಎಲ್ಲಿದ್ದೆ?"

"ಮಲಗಿದ್ದೆ ಮೇಡಂ," ಎಂದಳು ಮಗಳು, ನನ್ನ ತೋಳು ಬಿಡುತ್ತಾ. "ಭಾನುವಾರ ವಾಷಿಂಗ್ ಮೆಷೀನ್ ಹಾಕೋದು ಅಪ್ಪ."