ಚೌಕಟ್ಟಿಗೆ ಬೇಕಾದ ಕೆಂಪು

ಫೋಟೋ ತೆಗೆಯುವುದು ಬೇರೆ, ಮೊಬೈಲ್ ಒತ್ತುವುದು ಬೇರೆ ಎಂದು ನಂಬಿದವರ ಪೈಕಿ ನಾನೂ ಒಬ್ಬ. ಕಾಪು ಬೀಚಿನಲ್ಲಿ ಮುಳುಗುವ ಸೂರ್ಯನನ್ನು ಅಂಗೈಯಲ್ಲಿ ಹಿಡಿದಂತೆ ನಿಂತು ಹಲ್ಲು ಕಿರಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನಾದರೋ ಮಣಿಪಾಲದ ಶಿಬಿರವೊಂದಕ್ಕೆ ಹೋಗಿ ಕಲಿತು ಬಂದವನು. ಚೌಕಟ್ಟನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಬೇಕು, ಮುಖ್ಯವಾದುದನ್ನು ನಡುವೆ ನಿಲ್ಲಿಸಬಾರದು, ಹಸಿರಿನ ಎದುರು ಒಂದು ಚಿಟಿಕೆ ಕೆಂಪು ಇರಬೇಕು ಎಂದು ಅಲ್ಲಿ ಹೇಳಿಕೊಟ್ಟರು. ನಮ್ಮ ಕರಾವಳಿಯಲ್ಲಿ ಹಸಿರಿಗೇನೂ ಬರವಿಲ್ಲ, ಕೆಂಪನ್ನು ಮಾತ್ರ ಮನೆಯಿಂದ ಒಯ್ಯಬೇಕು. ನಾನು ಹೆಂಡತಿಯನ್ನು ಒಯ್ದೆ.

ಸುಮತಿಗೆ ಒಂದು ಕೆಂಪು ಸೀರೆ ಇತ್ತು. ಕಾರ್ಕಳದ ಬಂಡೆಯ ಮೇಲೆ, ಹಿರಿಯಡ್ಕದ ಗದ್ದೆಯ ಬದುವಿನಲ್ಲಿ, ಕಾಪುವಿನ ಮರಳಿನಲ್ಲಿ ಅವಳು ಅದನ್ನೇ ಉಟ್ಟು ನಿಂತಳು. ಮುಖ ಈ ಕಡೆ ಇದ್ದರೆ ನೋಡುವವರ ಕಣ್ಣು ಅಲ್ಲೇ ಸಿಕ್ಕಿಬೀಳುತ್ತದೆ, ಮೋಡವನ್ನು ಯಾರೂ ಗಮನಿಸುವುದಿಲ್ಲ. ಆದ್ದರಿಂದ ಬೆನ್ನು ತಿರುಗಿಸಿ ನಿಲ್ಲಿಸುತ್ತಿದ್ದೆ. ಒಂದನ್ನಾದರೂ ಹತ್ತಿರದಿಂದ ತೆಗೆಯಬಾರದೇ ಎಂದು ಒಮ್ಮೆ ಕೇಳಿದಳು. ಹತ್ತಿರದಿಂದ ತೆಗೆದರೆ ಆಕಾಶ ಎಲ್ಲಿಗೆ ಹೋಗಬೇಕು ಎಂದೆ. ಕಲೆ ಗೊತ್ತಿಲ್ಲದವರ ಜೊತೆ ಸಂಸಾರ ಮಾಡುವುದು ಸುಲಭವಲ್ಲ.

ಮೊನ್ನೆ ಅವಳು ಅಲೆವೂರಿನ ಶಾಲೆಯಿಂದ ನಿವೃತ್ತಳಾದಳು. ನಮ್ಮ ಕಡೆ ಒಬ್ಬರಿಗೆ ಗೌರವ ಸಂದಿತು ಎನ್ನಬೇಕಾದರೆ ರಸ್ತೆ ಬದಿಯಲ್ಲಿ ಅವರ ಫ್ಲೆಕ್ಸ್ ಏಳಬೇಕು. ಹಳೆಯ ವಿದ್ಯಾರ್ಥಿಗಳು ಬಂದು, ಮನೆಯಲ್ಲೇ ಫೋಟೋಗ್ರಾಫರ್ ಇರುವಾಗ ಚಿತ್ರಕ್ಕೇನು ಕೊರತೆ ಎಂದರು. ನಾನು ಹೆಮ್ಮೆಯಿಂದ ಲ್ಯಾಪ್‌ಟಾಪ್ ತೆರೆದೆ. ಬೆನ್ನು, ಬೆನ್ನು, ಅರ್ಧ ಕಿವಿ, ಮತ್ತೆ ಬೆನ್ನು. ಊರಿನ ಮಕ್ಕಳಿಗೆಲ್ಲ ಅಕ್ಷರ ಕಲಿಸಿದವಳ ಮುಖ ನನ್ನ ಬಳಿ ಇರಲಿಲ್ಲ. ನಿಜವಾಗಿಯೂ ನಾಚಿಕೆಯಾಯಿತು. ಆದರೂ ಬಣ್ಣದ ಹೊಂದಾಣಿಕೆ ಎಷ್ಟು ಚೆನ್ನಾಗಿದೆ ನೋಡಿ ಎಂದು ಬಂದವರಿಗೆ ತೋರಿಸಿದೆ. ಸಂಜೆಯ ಬೆಳಕು ಬರಲಿ, ಹೊಸದೊಂದು ತೆಗೆಯುತ್ತೇನೆ ಎಂದೆ. ಸುಮತಿ ಬೇಡವೆಂದಳು, ಪಕ್ಕದ ಮನೆಯ ಸಫಿಯಾಳ ಮೊಬೈಲಿನಲ್ಲಿ ತನ್ನದೊಂದು ಫೋಟೋ ಇದೆಯಂತೆ.

ಎರಡೂ ಮನೆಯವರು ಒಟ್ಟಿಗೆ ಕಾಪುವಿಗೆ ಹೋಗಿದ್ದಾಗ ತೆಗೆದದ್ದು. ಶಿಬಿರದಲ್ಲಿ ಕೂಡದು ಎಂದದ್ದೆಲ್ಲ ಅದರಲ್ಲಿತ್ತು. ಸುಮತಿ ನಟ್ಟನಡುವೆ ನಿಂತಿದ್ದಳು, ಹಿಂದೆ ಚರುಮುರಿ ಗಾಡಿಯ ನೀಲಿ ಕೊಡೆ. ಅವಳು ಬಾಯ್ತುಂಬ ನಗುತ್ತಿದ್ದಳು, ಅದೂ ನನ್ನನ್ನು ನೋಡಿ. ಅಂಚಿನಲ್ಲಿ ನಾನು ಒಂದು ಚಿಪ್ಪಿನ ಫೋಟೋಗಾಗಿ ಮರಳಿನಲ್ಲಿ ಬೋರಲು ಬಿದ್ದಿದ್ದೆ. ಕಡಿಯಾಳಿಯ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದ ಹೆಂಗಸು ಪರದೆಯ ಮೇಲೆ ಬೆರಳಿಟ್ಟಳು.

"ಟೀಚರ್, ಇಲ್ಲಿ ಯಾರೋ ಒಬ್ಬರು ಬಿದ್ದುಕೊಂಡಿದ್ದಾರೆ. ಎಂತ ಮಾಡುವುದು?"

ನಾನು ಪಕ್ಕದಲ್ಲೇ ನಿಂತಿದ್ದೆ. ಸುಮತಿ ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ನೋಡಿದಳು.

"ಕತ್ತರಿಸಿಬಿಡಿ," ಎಂದಳು. "ಮುಖ ಹೇಗೂ ಕಾಣುವುದಿಲ್ಲ ಅಲ್ವಾ."

ಫ್ಲೆಕ್ಸ್ ಈಗ ಅಲೆವೂರಿನ ತಿರುವಿನಲ್ಲಿದೆ. ಬಸ್ಸಿಳಿದವರು ಟೀಚರ ಫೋಟೋ ಬಹಳ ಚೆನ್ನಾಗಿ ಬಂದಿದೆ ಎಂದು ನನ್ನ ಕೈ ಕುಲುಕುತ್ತಾರೆ. ಬೆಳಕು ಒದಗಿಬಂತು ಎಂದು ನಾನು ವಿನಯದಿಂದ ಹೇಳುತ್ತೇನೆ.