ಕರಿಯನ ಕಾಲು, ಎದುರುಮನೆಯವರ ಬಾಯಿ

ನಮ್ಮ ಮನೆಗೆ ಕಷ್ಟ ಅನ್ನೋದು ಯಾವತ್ತೂ ಗಂಭೀರವಾಗಿ ಬಂದದ್ದಿಲ್ಲ. ಬರುವಾಗಲೇ ನಾಲ್ಕು ಜನರನ್ನು ನಗಿಸಿಕೊಂಡು ಬರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ, ನಾವು ತುಮಕೂರಿನ ಉಪ್ಪಾರಹಳ್ಳಿಯಲ್ಲಿದ್ದಾಗ, ನಮ್ಮ ನಾಯಿ ಕರಿಯ ಒಂದು ಕಾಲು ಕಳೆದುಕೊಂಡ. ಅಳಬೇಕಾದ ಸಂಗತಿಯೇ. ಅತ್ತೆವು ಕೂಡ. ಆದರೆ ಅಳುವುದಕ್ಕೆ ಬಿಡುವು ಸಿಕ್ಕಿದ್ದು ಕಡಿಮೆ.

ಅದೇ ಕಾಲಾ?

ಕರಿಯ ನನ್ನ ತವರಿನವನು. ಗುಬ್ಬಿಯಲ್ಲಿ ನಮ್ಮಣ್ಣನ ತೋಟದ ನಾಯಿ ಮರಿ ಹಾಕಿದಾಗ, ಒಂದು ಮರಿಯನ್ನು ತರಕಾರಿ ಬ್ಯಾಗಿಗೆ ಹಾಕಿಕೊಂಡು, ಕಂಡಕ್ಟರಿಗೆ ಕಾಣದ ಹಾಗೆ ಮೇಲೆ ಟವೆಲ್ ಮುಚ್ಚಿ, ಬಸ್ಸಿನಲ್ಲಿ ತಂದಿದ್ದೆ. ಅತ್ತೆ ಬಾಗಿಲಲ್ಲೇ ನಿಂತು, "ಬ್ಯಾರೆ ಮನೆ ಸೊಸೇರು ತವರಿಂದ ಹಸ ಹೊಡ್ಕಂಡ್ ಬತ್ತಾರೆ. ನೀನು ನಾಯಿ ತಂದಿದೀಯಾ" ಅಂದರು. ಅಂದವರು ಒಳಗೆ ಹೋಗಿ ಹಾಲು ತಂದು ಹಾಕಿದರು. ಅಲ್ಲಿಗೆ ಆ ವಿಷಯ ಮುಗಿಯಿತು.

ಮುಗಿಯದೆ ಉಳಿದದ್ದು ಎದುರುಮನೆಯವರ ವಿಷಯ. ಅವರು ಯಾವುದೋ ಆಫೀಸಿನಲ್ಲಿ ಹೆಡ್ ಕ್ಲರ್ಕು. ಸ್ಕೂಟರಿಗೆ ಬುಕ್ ಮಾಡಿ ವರ್ಷಗಟ್ಟಲೆ ಕಾದು ಪಡೆದವರು. ಅದು ಬಂದ ದಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಹಾರ ಹಾಕಿ, ಬೀದಿಗೆಲ್ಲ ಪೇಡ ಹಂಚಿದ್ದರು. ಅವರು ಪೇಡ ಹಂಚಿ ಬರುವಷ್ಟರಲ್ಲಿ ಕರಿಯ ಹೋಗಿ, ಹಿಂದಿನ ಬಲಗಾಲೆತ್ತಿ, ಹಿಂದಿನ ಚಕ್ರಕ್ಕೆ ತನ್ನ ಪೂಜೆಯನ್ನೂ ಮುಗಿಸಿದ್ದ. ಅವತ್ತಿನಿಂದ ದಿನಾ ಬೆಳಿಗ್ಗೆ ಅವನ ಪೂಜೆ ತಪ್ಪಲಿಲ್ಲ. ಅವರ ಮಂತ್ರವೂ ತಪ್ಪಲಿಲ್ಲ: "ನಿನ್ ಕಾಲ್ ಮುರ್ದೋಗ!" ಆ ಕೂಗು ಕೇಳಿದ ಮೇಲೇ ನಮ್ಮ ಮನೆಯಲ್ಲಿ ಕಾಫಿಗೆ ನೀರಿಡುತ್ತಿದ್ದದ್ದು.

ಒಂದು ಮಧ್ಯಾಹ್ನ ಬೀದಿಯ ತಿರುವಿನಲ್ಲಿ ರಿವರ್ಸ್ ಬರುತ್ತಿದ್ದ ಕೊಬ್ಬರಿ ಲಾರಿಯ ಚಕ್ರ ಕರಿಯನ ಕಾಲಿನ ಮೇಲೆ ಹರಿಯಿತು. ನಾನು ಪಾಠ ಮಾಡುತ್ತಿದ್ದ ಸ್ಕೂಲು ಹತ್ತಿರದಲ್ಲೇ ಇತ್ತು. ಸುದ್ದಿ ಕೇಳಿ ಓಡಿ ಬಂದೆ. ಅವನು ಕೂಗಲೂ ಇಲ್ಲ, ಸುಮ್ಮನೆ ನನ್ನ ಕೈ ನೆಕ್ಕಿದ.

ಎದುರುಮನೆಯವರೂ ಓಡಿ ಬಂದರು. "ಟೀಚರಮ್ಮ, ಯಾವ ಕಾಲು?"

"ಹಿಂದಿನ ಬಲಗಾಲು ಸಾರ್."

"ಅದೇ ಕಾಲಾ?" ಅಂದವರೇ ನಮ್ಮ ಜಗಲಿಯ ಮೇಲೆ ಕುಸಿದು ಕೂತರು. ಆ ಕಾಲಿನ ಪರಿಚಯ ಅವರಿಗಿದ್ದಷ್ಟು ನಮ್ಮ ಮನೆಯಲ್ಲೂ ಯಾರಿಗೂ ಇರಲಿಲ್ಲ.

ಆಪರೇಷನ್ ಯಾರಿಗೆ?

ದನದ ಆಸ್ಪತ್ರೆಯಲ್ಲಿ ನಮಗಿಂತ ಮುಂದೆ ಒಂದು ಎಮ್ಮೆ, ಎರಡು ಮೇಕೆ, ಒಂದು ಕೋಳಿ ಇದ್ದವು. ಡಾಕ್ಟರು ಎಮ್ಮೆಯನ್ನು ಬಿಟ್ಟು ಮೊದಲು ಕರಿಯನನ್ನೇ ನೋಡಿದರು. "ಉಳಿಸೋಕಾಗಲ್ಲ ಅಮ್ಮ. ತೊಡೆ ಹತ್ರ ತೆಗೀಬೇಕು."

ನನಗೆ ಅಳು ಬಂತು.

"ನೀವ್ಯಾಕೆ ಅಳ್ತೀರಿ? ಒಂದು ಹೋದ್ರೂ ಅವನಿಗೆ ಮೂರಿರುತ್ತೆ. ನಿಮಗೂ ನನಗೂ ಇರೋದೇ ಎರಡು" ಅಂದರು. ಲೆಕ್ಕ ಸರಿಯಾಗಿತ್ತು, ಅಳು ಮಾತ್ರ ನಿಲ್ಲಲಿಲ್ಲ.

ನಮ್ಮ ಯಜಮಾನರು ಧೈರ್ಯವಾಗಿ, "ನೀನು ಆಚೆ ಕೂತ್ಕೋ. ಹೆಂಗಸರು ಇದನ್ನೆಲ್ಲ ನೋಡಬಾರದು. ನಾನು ಒಳಗಿದ್ದು ಅವನ ತಲೆ ಹಿಡ್ಕೋತೀನಿ" ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಏನೋ ಧೊಪ್ಪೆಂದು ಬಿದ್ದ ಸದ್ದು. ಕಾಂಪೌಂಡರು ಬಾಗಿಲಿಗೆ ಬಂದು, "ಅಮ್ಮಾ, ಸ್ವಲ್ಪ ಒಳಗೆ ಬನ್ನಿ" ಅಂದ. ಕರಿಯ ಹೋಗಿಯೇಬಿಟ್ಟ ಅಂದುಕೊಂಡು ಒಳಗೆ ಓಡಿದೆ. ಕರಿಯ ಟೇಬಲ್ಲಿನ ಮೇಲೆ ಚೆನ್ನಾಗಿಯೇ ಉಸಿರಾಡುತ್ತಿದ್ದ. ನೆಲದ ಮೇಲಿದ್ದವರು ಯಜಮಾನರು. ಅವರನ್ನು ಒಂದು ಕಡೆ ಒರಗಿಸಿ, ಕೊನೆಯವರೆಗೆ ಕರಿಯನ ತಲೆ ನಾನೇ ಹಿಡಿದುಕೊಂಡೆ.

ಹೊರಡುವಾಗ ಡಾಕ್ಟರು ನಗದೆ ಹೇಳಿದರು: "ಗಾಯ ಮಾಯಿಸೋದು ನನ್ನ ಕೆಲಸ. ಎದ್ದು ನಿಲ್ಲೋದು ಅವನ ಕೆಲಸ. ಮಲಗಿದಲ್ಲೇ ಮಲಗಿದ್ರೆ ಮೈಯೆಲ್ಲ ಹುಣ್ಣಾಗುತ್ತೆ, ಹುಳ ಬೀಳುತ್ತೆ. ಆಮೇಲೆ ನೀವೇ ಬಂದು, ಒಂದು ಇಂಜೆಕ್ಷನ್ ಕೊಟ್ಟು ಮುಗಿಸಿಬಿಡಿ ಅಂತೀರಾ. ನನ್ನ ಕೈಲಿ ಆ ಕೆಲಸ ಮಾಡಿಸಬೇಡಿ."

ವಾಪಸ್ಸು ಬಂದದ್ದು ಜಟಕಾದಲ್ಲಿ. ನನ್ನ ತೊಡೆಯ ಮೇಲೆ ಕಂಬಳಿ ಹೊದ್ದ ಕರಿಯ, ನನ್ನ ಭುಜದ ಮೇಲೆ ತಲೆಗೆ ಒದ್ದೆ ಕರ್ಚೀಫು ಕಟ್ಟಿಕೊಂಡ ಯಜಮಾನರು. ಇಬ್ಬರಿಗೂ ಕಣ್ಣು ಬಿಡಲಾಗುತ್ತಿಲ್ಲ. ಜಟಕಾ ಸಾಬರು ತಿರುಗಿ ತಿರುಗಿ ನೋಡಿದರು. ಕೊನೆಗೆ ತಡೆಯಲಾರದೆ ಕೇಳಿದರು: "ಬೇಜಾರ್ ಮಾಡ್ಕೋಬೇಡಿ ಅಮ್ಮ. ಇವ್ರಿಬ್ರಲ್ಲಿ ಆಪರೇಷನ್ ಆಗಿರೋದು ಯಾರ್ಗೆ?"

ಬ್ರೆಡ್ಡು

ನಮ್ಮ ಕಡೆ ಆಪರೇಷನ್ ಆದವರನ್ನು ನೋಡಲು ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ನಾಯಿಯಾದರೇನು, ಆಪರೇಷನ್ ಆಪರೇಷನ್ನೇ. ಬೀದಿಯವರೆಲ್ಲ ಬ್ರೆಡ್ಡು ಹಿಡಿದುಕೊಂಡು ಬಂದರು. ಬಂದವರು ಕರಿಯನ ಎದುರು ಕೂತು, "ಹೆಂಗಿದೀಯಪ್ಪಾ?" ಅನ್ನುವರು. ಆಮೇಲೆ ಅವನಿಗೆ ಕೇಳಿಸುವ ಹಾಗೇ, ಕಾಲು ತೆಗೆಸಿಕೊಂಡು ತೀರಿಹೋದ ತಮ್ಮ ಯಾರೋ ನೆಂಟರ ಕಥೆ ಹೇಳುವರು. ಕಾಫಿ ಕುಡಿದು ಏಳುವರು.

ಕರಿಯ ಬ್ರೆಡ್ಡು ಮೂಸಿಯೂ ನೋಡಲಿಲ್ಲ. ಅವನಿಗೆ ಅತ್ತೆ ರಾಗಿ ಗಂಜಿ ಕಾಸುತ್ತಿದ್ದರು, ಒಂದೊಂದು ದಿನ ಮೊಟ್ಟೆ ಬೇರೆ. ಬ್ರೆಡ್ಡು ಎಸೆಯಲು ನಮಗೆ ಮನಸ್ಸು ಬರಲಿಲ್ಲ. ಬೆಳಿಗ್ಗೆ ಬ್ರೆಡ್ ಉಪ್ಪಿಟ್ಟು, ಸಾಯಂಕಾಲ ಹಾಲು ಬ್ರೆಡ್ಡು. ಕಾಯಿಲೆಯವನೊಬ್ಬನನ್ನು ಬಿಟ್ಟು ಮನೆಯವರೆಲ್ಲ ಕಾಯಿಲೆಯವರ ಊಟ ಮಾಡಿದೆವು.

ಪಟ್ಟಾಪಟ್ಟಿ ಚಡ್ಡಿ

ಕರಿಯ ಹೊಲಿಗೆ ನೆಕ್ಕಲು ಶುರುಮಾಡಿದ. ಬಟ್ಟೆ ಸುತ್ತಿದರೆ ನಿಮಿಷದಲ್ಲಿ ಕಿತ್ತು ಹಾಕುವನು. ಕೊನೆಗೆ ಅತ್ತೆಗೆ ಒಂದು ಉಪಾಯ ಹೊಳೆಯಿತು. ಯಜಮಾನರ ಪಟ್ಟಾಪಟ್ಟಿ ಚಡ್ಡಿ ತಂದು, ಬಲಗಡೆಯ ಕಾಲಿನ ಬಾಯಿ ಹೊಲಿದು, ಬಾಲಕ್ಕೆ ಒಂದು ತೂತು ಮಾಡಿ, ತೊಡಿಸಿ ಲಾಡಿ ಬಿಗಿದರು. ಅಳತೆ ಮಾಡಿಸಿದ ಹಾಗೆ ಕೂತಿತು.

ಯಜಮಾನರು ಸ್ನಾನ ಮುಗಿಸಿ, ಟವೆಲ್ ಸುತ್ತಿಕೊಂಡು, ಬಚ್ಚಲ ಬಾಗಿಲಿಂದ ಕೂಗಿದರು. "ಅಮ್ಮಾ, ನನ್ನ ಚಡ್ಡಿ ಎಲ್ಲಿ?"

"ಕರಿಯ ಹಾಕ್ಕಂಡವ್ನೆ ಕಣೋ."

"ಅದು ನಂದಮ್ಮ!"

"ಅವ್ನು ಉಸಾರಿಲ್ದೋನು, ನಾಲ್ಕ್ ದಿನ ಹಾಕ್ಕಳ್ಳಿ ಬುಡು. ನೀನು ಗಟ್ಟಿಮುಟ್ಟಾಗಿದೀಯ, ಏನಾರ ಸುತ್ಕೋ."

ಜೋಲಿ

ಗಾಯ ಒಣಗಿತು, ಹೊಲಿಗೆ ಬಿಚ್ಚಿದರು. ಕರಿಯ ಮಾತ್ರ ಏಳಲಿಲ್ಲ. ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಇಬ್ಬರು ಎತ್ತಿ ಹಿಡಿದರೆ ನಿಲ್ಲುವನು, ಬಿಟ್ಟರೆ ಕೂತುಬಿಡುವನು. ಕಾಲಿದ್ದ ಜಾಗವನ್ನು ಒಂದು ಸಲ ನೋಡಿ, ಗೋಡೆಯ ಕಡೆ ಮುಖ ತಿರುಗಿಸುವನು. ಡಾಕ್ಟರು ಹೇಳಿದ ಇಂಜೆಕ್ಷನ್ನಿನ ಮಾತು ನನ್ನ ತಲೆಯಿಂದ ಹೋಗುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಕುಣಿಗಲ್ಲಿನಿಂದ ಅತ್ತೆಯ ತಮ್ಮ ಬಂದರು. ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದವರು. "ಕುದುರೇನ ಮಲಗಾಕ್ ಬುಟ್ರೆ ಕೆಟ್ಟೋಯ್ತು ಕಣವ್ವ. ಹೊಟ್ಟೆಗೆ ಪಟ್ಟಿ ಕಟ್ಟಿ, ಕಾಲು ನೆಲಕ್ಕೆ ತಾಕೋ ಹಂಗೆ ಮ್ಯಾಲಿಂದ ಇಳಿಬುಡ್ಬೇಕು. ಕುದುರೆಗೇ ಆಯ್ತದೆ, ನಾಯಿಗಾಗಲ್ವಾ?" ಅಂದರು. ನಮ್ಮ ಮಗಳ ತೊಟ್ಟಿಲು ಕಟ್ಟಿದ್ದ ಕೊಂಡಿ ನಡುಮನೆಯಲ್ಲಿ ಇನ್ನೂ ಇತ್ತು. ಆ ಮಗಳು ಆಗ ಪಿಯುಸಿ. ಅತ್ತೆಯ ಹಳೇ ನೂಲಿನ ಸೀರೆಯಲ್ಲಿ ಪಟ್ಟಿ ಕಟ್ಟಿ, ಕರಿಯನನ್ನು ನಿಲ್ಲಿಸಿ, ಅವರು ಬಸ್ಸು ಹತ್ತಿದರು. ಅವರು ಹೋದ ಮೇಲೆ ಗಂಟು ಸಡಿಲವಾಯಿತು, ಸೀರೆ ಅಗಲವಾಯಿತು, ಕರಿಯ ಅದರೊಳಗೆ ಸುರುಳಿ ಸುತ್ತಿಕೊಂಡು ನಿದ್ದೆ ಹೋದ. ಅತ್ತೆ ಪಕ್ಕದಲ್ಲಿ ಕೂತು ಹಗ್ಗ ಎಳೆಯುತ್ತಾ ಲಾಲಿ ಶುರುಮಾಡಿದರು. ನನಗೆ ವಿಪರೀತ ತಲೆನೋವು. ತಲೆ, ಕಿವಿ ಮುಚ್ಚುವ ಹಾಗೆ ಬಟ್ಟೆ ಕಟ್ಟಿಕೊಂಡು, ಕಂಬಳಿ ಹೊದ್ದು ಮೂಲೆಯಲ್ಲಿ ಮಲಗಿದ್ದೆ.

ಬೀದಿ ಕೊನೆಯ ಮನೆಯಾಕೆ ಹೆಪ್ಪು ಕೇಳಲು ಬಂದವರು ಕಿಟಕಿಯಲ್ಲಿ ಇಷ್ಟನ್ನು ನೋಡಿದರು. ಹೆಪ್ಪು ಕೇಳದೆ ಹಾಗೇ ವಾಪಸ್ಸು ಹೋದರು.

ಸಾಯಂಕಾಲ ಹೆಂಗಸರ ಒಂದು ಗುಂಪೇ ಅರಿಶಿನ ಕುಂಕುಮ, ಕೊಬ್ಬರಿ ಬೆಲ್ಲ ಹಿಡಿದು ಬಂತು. "ಯಾರ್ಗೂ ಹೇಳ್ಲೇ ಇಲ್ವಲ್ಲ ಟೀಚರಮ್ಮ! ಮಗಳು ಕಾಲೇಜಿಗೆ ಹೋಗ್ತಾಳೆ ಅಂತ ನಾಚ್ಕೊಂಡ್ರಾ?"

ನಾನು ಬಾಯಿ ತೆಗೆಯುವ ಮೊದಲೇ ಅತ್ತೆ, "ಬರ್ರವ್ವ, ಕೂಸು ನೋಡಿ" ಎಂದು ಜೋಲಿ ಬಿಡಿಸಿದರು. ಪಟ್ಟಾಪಟ್ಟಿ ಚಡ್ಡಿಯ ಕರಿಯ ಕತ್ತೆತ್ತಿ ಎಲ್ಲರನ್ನೂ ನೋಡಿದ. ಮುಂದೆ ನಿಂತಿದ್ದಾಕೆ ಗಾಬರಿಯಲ್ಲಿ, ಮಗು ನೋಡಲು ಹೋದಾಗ ಹೇಳುವುದನ್ನೇ ಹೇಳಿಬಿಟ್ಟರು:

"ಥೇಟ್ ಅಪ್ಪನ ಥರಾನೇ ಇದಾನೆ."

ಮಚ್ಚೆ ನಾಲಿಗೆ

ಎದುರುಮನೆಯವರ ಬೈಗುಳ ಫಲಿಸಿತು ಎಂಬ ಸುದ್ದಿ ಬೀದಿಯಲ್ಲಿ ಹಬ್ಬಿತು. ಅವರ ನಾಲಿಗೆಯ ಮೇಲೆ ಮಚ್ಚೆ ಇದೆ, ಅಂದದ್ದು ಆಗಿಯೇ ಆಗುತ್ತದೆ ಅಂತ ಜನ ಮಾತಾಡಿಕೊಂಡರು. ತರಕಾರಿ ಗಾಡಿಯವನು ಅವರೊಬ್ಬರ ಹತ್ತಿರ ಚೌಕಾಸಿಯಿಲ್ಲದೆ ತೂಗಿಕೊಟ್ಟು ಹೋಗುತ್ತಿದ್ದ. ಒಬ್ಬ ತಾಯಿ ಎಸ್ಸೆಸ್ಸೆಲ್ಸಿ ಮಗನನ್ನು ಎಳೆದುಕೊಂಡು ಬಂದು, "ಪಾಸಾಗ್ತೀಯ ಅನ್ನಿ ಸಾರ್, ಅಷ್ಟು ಸಾಕು" ಎಂದು ಬಾಗಿಲಲ್ಲೇ ನಿಂತರು.

ಎದುರುಮನೆಯವರಿಗೆ ಮಾತ್ರ ಅನ್ನ ಸೇರುತ್ತಿರಲಿಲ್ಲ. ಒಂದು ದಿನ ಬಂದು, "ದಿನಾ ಬೈತಿದ್ದೆ, ನಿಜ. ಆದ್ರೆ ಮನಸಾರೆ ಬೈದಿಲ್ಲ ಟೀಚರಮ್ಮ" ಅಂದಾಗ ಅವರ ಕಣ್ಣಲ್ಲಿ ನೀರಿತ್ತು. ಪಾಪ ಅನ್ನಿಸಿತು. ಅತ್ತೆ ಹೇಳಿದರು: "ಆಗಿದ್ದಾಯ್ತು ಬುಡಪ್ಪ. ಈಗ ಅದೇ ಬಾಯಲ್ಲಿ ಎದ್ದು ಓಡಾಡು ಅನ್ನು. ಮುರಿಯಾಕ್ ಬಂದ ಬಾಯಿಗೆ ಕೂಡ್ಸಾಕ್ ಬರಲ್ವಾ?"

ಅವತ್ತಿನಿಂದ ಅವರು ಬೈಗುಳವನ್ನೇ ಬಿಟ್ಟರು. ಯಡಿಯೂರಿಗೆ ಹರಕೆ ಹೊತ್ತರು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಬಂದು, ಕರಿಯನ ಮುಂದೆ ಕೈಕಟ್ಟಿ ನಿಂತು, "ಎದ್ದು ಓಡಾಡಪ್ಪಾ ರಾಜ" ಅನ್ನುತ್ತಿದ್ದರು. ಇಷ್ಟು ವರ್ಷ ಬೈದಾಗಲೆಲ್ಲ ಬಾಲ ಅಲ್ಲಾಡಿಸುತ್ತಿದ್ದ ಕರಿಯ, ಅವರು ಹರಸಿದ ತಕ್ಷಣ ಗುರ್ ಅಂದ.

ತೊಳೆಯದ ಸ್ಕೂಟರು

ಒಂದು ಭಾನುವಾರ, ಅಂಗಳದ ಬಿಸಿಲಿನಲ್ಲಿ ಮಲಗಿಸಿದ್ದ ಕರಿಯನ ಮಗ್ಗುಲು ಬದಲಿಸುವಾಗ ಸೊಂಟದ ಹತ್ತಿರ ಕೂದಲು ಉದುರಿ ಕೆಂಪಾಗಿದ್ದು ಕಾಣಿಸಿತು. ಡಾಕ್ಟರು ಹೇಳಿದ್ದ ಹುಣ್ಣು. ಯಜಮಾನರು ನನ್ನ ಮುಖ ನೋಡದೆ, "ಜಟಕಾ ಕರ್ಕೊಂಡು ಬರ್ತೀನಿ. ಡಾಕ್ಟರ ಹತ್ರ ಹೋಗೋಣ" ಅಂದರು. ಆ ಇಂಜೆಕ್ಷನ್ನಿಗೆ ಅಂತ ಗೊತ್ತಾಯಿತು. ಅತ್ತೆ ಗಂಜಿಗೆ ಇಟ್ಟ ಪಾತ್ರೆಯನ್ನು ಒಲೆಯಿಂದ ಇಳಿಸಿ ಬಂದು, ಜಗಲಿಯ ಗೋಡೆಗೆ ಒರಗಿ ಕೂತರು. ನಮ್ಮ ಮನೆಯಲ್ಲಿ ನಗು ಇಲ್ಲದ ಬೆಳಿಗ್ಗೆ ಅದೊಂದೇ.

ಆಗಲೇ ಎದುರುಮನೆಯವರು ಬಂದರು. ಹರಸುವುದಕ್ಕಲ್ಲ, ದೂರು ಹೇಳುವುದಕ್ಕೆ. "ಏನ್ಸಾರ್ ಇದು! ಇವನು ಮಲಗಿದಾಗಿಂದ ಬೀದಿ ನಾಯಿಗಳೆಲ್ಲ ನನ್ನ ಸ್ಕೂಟರಿಗೇ ಬರ್ತಾವೆ. ಇವನಿದ್ದಾಗ ಒಂದೂ ಹತ್ರ ಸುಳೀತಿರಲಿಲ್ಲ. ಇವನೊಬ್ಬನದ್ದೇ ಆಗಿತ್ತು..."

"ಜಟಕಾ ತರೋಕೆ ಹೊರಟಿದೀನಿ ಸಾರ್" ಅಂದರು ಯಜಮಾನರು.

ಅವರಿಗೆ ಅರ್ಥವಾಯಿತು. ಕರಿಯನನ್ನೊಮ್ಮೆ ನೋಡಿದರು. ಆಮೇಲೆ ಸರಸರ ಹೋಗಿ, ಸ್ಕೂಟರನ್ನು ತಳ್ಳಿಕೊಂಡು ನಮ್ಮ ಗೇಟಿನೊಳಗೆ ತಂದು, ಕರಿಯ ಮಲಗಿದ್ದ ಗೋಣಿಚೀಲದಿಂದ ಸ್ವಲ್ಪ ದೂರದಲ್ಲಿ ಸ್ಟ್ಯಾಂಡ್ ಹಾಕಿದರು.

"ಇದೇನಪ್ಪ?" ಅಂದರು ಅತ್ತೆ.

"ತೊಳೆದಿಲ್ಲಮ್ಮ. ಹಂಗೇ ತಂದಿದೀನಿ."

ದಿನಕ್ಕೆ ಮೂರು ಹೊತ್ತು ಆ ಸ್ಕೂಟರನ್ನು ಒರೆಸುತ್ತಿದ್ದ ಮನುಷ್ಯ.

ಕರಿಯನ ಮೂಗು ಅಲ್ಲಾಡಿತು. ಕಿವಿ ನಿಂತವು. ತನ್ನ ಚಕ್ರದ ಮೇಲೆ ಯಾರ್ಯಾರೋ ಬಂದು ಹೋದದ್ದು ಅವನಿಗೆ ತಿಳಿಯಿತು. ಗಂಟಲಲ್ಲಿ ಗುರುಗುಟ್ಟುತ್ತಾ ಮುಂಗಾಲು ಊರಿದ. ಹಿಂಗಾಲಿನ ಮೇಲೆ ಎದ್ದ, ಮುಗ್ಗರಿಸಿ ಮೂತಿ ನೆಲಕ್ಕೆ ಬಡಿಯಿತು. ನಾನು ಹಿಡಿಯಲು ಹೋದೆ. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, "ಮುಟ್ಬ್ಯಾಡ ಕಣೇ" ಅಂದರು. ಅವನು ಮತ್ತೆ ಎದ್ದ. ಒಂದು ಕುಪ್ಪಳಿಕೆ. ನಿಂತ. ಇನ್ನೊಂದು. ಚಕ್ರದ ಹತ್ತಿರ ಹೋಗಿ ಸುತ್ತಲೂ ಮೂಸಿದ. ಆಮೇಲೆ ತಿರುಗಿ, ಬಲಗಡೆಯ ಮೈಯನ್ನು ಚಕ್ರಕ್ಕೆ ಕೊಟ್ಟು ನಿಂತ. ಚಡ್ಡಿಯನ್ನು ಅವತ್ತು ಒಗೆಯಲು ಹಾಕಿದ್ದು ಒಳ್ಳೆಯದೇ ಆಯಿತು. ಎತ್ತಲು ಕಾಲಿರಲಿಲ್ಲ, ಆದರೂ ಎತ್ತಿದ. ಉಳಿದಿದ್ದ ಮೋಟು ತೊಡೆ ಮೇಲೆದ್ದಿತು. ಗುರಿ ಒಂದಿಷ್ಟೂ ತಪ್ಪಲಿಲ್ಲ.

ಯಜಮಾನರು ಕಣ್ಣೊರೆಸಿಕೊಂಡರು. ನನಗೆ ಕುಣಿಯುವಷ್ಟು ಸಂತೋಷ. ಚಕ್ರದಿಂದ ನೀರು ಇಳಿಯುವುದನ್ನು ನೋಡುತ್ತಾ ನಿಂತಿದ್ದ ಎದುರುಮನೆಯವರಿಗೆ, ಎಷ್ಟೋ ವರ್ಷದ ಅಭ್ಯಾಸ, ಬಾಯಿ ತಡೆಯಲಿಲ್ಲ.

"ನಿನ್ ಕಾಲ್..."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಯಜಮಾನರು ಕಲ್ಲಾದರು. ನಾನು ಓಡಿ ಕರಿಯನನ್ನು ತಬ್ಬಿಕೊಂಡೆ. ಅವರು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು, ಬರುತ್ತಿದ್ದ ಮಾತನ್ನು ನುಂಗಿದರು. ಆಮೇಲೆ ಕೈಮುಗಿದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು:

"ನಿನ್ ಕಾಲ್... ಮೂರೂ ನೂರ್ ವರ್ಷ ಗಟ್ಟಿಯಾಗಿರ್ಲಪ್ಪಾ!"

ಆ ಕೂಗು ಕೇಳಿದ್ದೇ, ಅತ್ತೆ ಒಳಗೆ ಹೋಗಿ ಕಾಫಿಗೆ ನೀರಿಟ್ಟರು.